ಅಕ್ಕನ ಸೈಕಲ್ಲಿನ ಎಡ ಪೆಡಲ್

ಮೊದಲು ಪೆಡಲ್ ಬಿತ್ತೋ, ಅಕ್ಕ ಬಿದ್ದಳೋ?

ಹೋದ ವಾರವೆಲ್ಲ ನಮ್ಮ ಮನೆತನದಲ್ಲಿ ಇದೊಂದೇ ಪ್ರಶ್ನೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂದರೆ ನಕ್ಕು ಬಿಡಬಹುದು. ಇದನ್ನು ಬಿಡುವಂತಿರಲಿಲ್ಲ. ಅಕ್ಕ ಇನ್ನು ಮುಂದೆ ಸೈಕಲ್ ಹೊಡೆಯಬೇಕೋ ಬೇಡವೋ ಎಂಬುದು ಇದರ ಉತ್ತರದ ಮೇಲೆ ನಿಂತಿತ್ತು. ಕಷ್ಟವೆಂದರೆ, ಕಣ್ಣಾರೆ ಕಂಡ ಸಾಕ್ಷಿ ಒಬ್ಬನೇ. ಅವನು ನಾನು.

ನೀಲಕ್ಕ ಇರುವುದು ಮೂಡಲಗಿಯಲ್ಲಿ. ಅರವತ್ತು ದಾಟಿದೆ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ರೊಟ್ಟಿಯ ಬುಟ್ಟಿಯನ್ನು ಕ್ಯಾರಿಯರ್‌ಗೆ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದರೆ ಬಸ್ ಸ್ಟ್ಯಾಂಡ್ ದಾಟುವವರೆಗೂ ರಸ್ತೆ ಅವಳದೇ. (ಆಟೋದವರು ಹಾರ್ನ್ ಹೊಡೆದರೆ ಇವಳು ಬೆಲ್ ಹೊಡೆಯುತ್ತಾಳೆ. ಯಾರು ಪಕ್ಕಕ್ಕೆ ಸರಿಯುತ್ತಾರೆಂದು ಬರೆಯಬೇಕಿಲ್ಲ.)

ನಾನು ಗೋಕಾಕದಿಂದ ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ವಾಪಸು ಹೊರಟವನು ಸ್ಕೂಟರಿನಲ್ಲಿ ಅವಳ ಹಿಂದೆಯೇ ಇದ್ದೆ. ತಿರುವಿನಲ್ಲಿ ಏನೋ ಟಣ್ ಎಂದಿತು. ಬುಟ್ಟಿ ವಾಲಿತು. ನೋಡಿದರೆ ಅಕ್ಕ ನೆಲದ ಮೇಲೆ, ರೊಟ್ಟಿಗಳು ರಸ್ತೆಯ ತುಂಬ. ಎಡಗಡೆಯ ಪೆಡಲ್ ಕ್ರ್ಯಾಂಕ್ ಎಂಬ ತೋಳಿನಿಂದ ಕಳಚಿ ಗಟಾರದ ಅಂಚಿನಲ್ಲಿ ಬಿದ್ದಿತ್ತು.

ಮೊಣಕೈ ತರಚಿತ್ತು. ಮಣಿಕಟ್ಟು ಉಳುಕಿತ್ತು. ಎದ್ದು ಕೂತವಳು ಹೇಳಿದ ಮೊದಲ ಮಾತು: "ಪೈಡಲ್ ಕಳಚಿತೋ ತಮ್ಮಾ. ಕಾಲು ಗಾಳ್ಯಾಗ ಹೋತು. ಮೊದಲ ಆ ರೊಟ್ಟಿ ಎತ್ತು, ನಾಯಿ ಬಂತು ನೋಡಲ್ಲೆ."

ನಾನೂ ಆ ದಿನ ಅವಳ ಜೊತೆಗೇ ಉಳಿದೆ. ಸಂಜೆ ಅವಳ ಮಗ ಮಂಜು ಹುಕ್ಕೇರಿಯಿಂದ ಓಡಿ ಬಂದ. ಅಲ್ಲಿ ಬಟ್ಟೆಯಂಗಡಿಯಲ್ಲಿ ಕೆಲಸ. ತಾಯಿಯೆಂದರೆ ಜೀವ. ಆದರೆ ನಮ್ಮ ಕಡೆ ಜೀವ ಇರುವವರು ಮೊದಲು ಬೈಯುತ್ತಾರೆ.

"ಅವ್ವಾ, ಇವತ್ತಿಗೆ ಸೈಕಲ್ ಸಾಕ್ ಮಾಡು. ನಿನಗ ತಲಿ ತಿರಗೇತಿ."

"ತಲಿ ನಿಂದ ತಿರಗೇತಿ. ಪೈಡಲ್ ಕಳಚೇತಿ ಅಂತ ಹೇಳಾಕತ್ತೇನಲ್ಲ."

"ಹೆಂಗ ಕಳಚತೈತಿ? ಹಬ್ಬಕ್ಕ ನಾನ ಹೊಸಾ ಜೋಡಿ ತಂದು ಹಾಕೇನಿ. ಬಿಗಿ ಭಾಳ ಇತ್ತು, ನಟ್ ತಿರುವೂ ಪಾನಾಕ್ಕ ಪೈಪ್ ಸಿಗಿಸಿ ಜೀವಾ ಹಾಕಿ ತಿರುವೇನಿ. ನೀ ಬಿದ್ದ ಹೊಡ್ತಕ್ಕ ಅದು ಕಿತ್ತೈತಿ. ವಯಸ್ಸಾಗೇತಿ ಅವ್ವಾ ನಿನಗ."

"ವಯಸ್ಸಾಗೇತಿ, ಖರೆ. ಅದಕ್ಕ ಸುಳ್ಳ ಹೇಳ್ತೇನೇನು?"

ಮಂಜು ನನ್ನ ಕಡೆ ತಿರುಗಿದ. "ಮಾಮಾ, ನೀವ ಹಿಂದ ಇದ್ರಿ. ನೀವ ಹೇಳ್ರಿ. ಮೊದಲ ಅವ್ವ ವಾಲಿದ್ಲೋ, ಪೈಡಲ್ ಬಿತ್ತೋ?"

ಇಲ್ಲಿ ನನ್ನ ರೋಗದ ಬಗ್ಗೆ ಎರಡು ಮಾತು. ವಿಶ್ವವಿದ್ಯಾಲಯದಲ್ಲಿ ಓದಿದ ಕಾಲದಿಂದಲೂ ನಾನು ಯಾವ ಮಾತನ್ನೂ ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡವನಲ್ಲ. ಮೊದಮೊದಲು ದೇವರನ್ನು, ಪಂಚಾಂಗವನ್ನು, ಭಾಷಣಗಳನ್ನು ಸಂಶಯಿಸುತ್ತಿದ್ದೆ. ಈಚೆಗೆ ನನ್ನ ನೆನಪನ್ನೇ ಸಂಶಯಿಸುತ್ತೇನೆ. ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು? ಕಣ್ಣು ಮುಚ್ಚಿ ಆ ತಿರುವನ್ನು ಮತ್ತೆ ನೋಡಿದೆ. ಒಮ್ಮೆ ಮೊದಲು ಸದ್ದಾಯಿತು, ಆಮೇಲೆ ಬುಟ್ಟಿ ವಾಲಿತು. ಇನ್ನೊಮ್ಮೆ ಬುಟ್ಟಿ ವಾಲಿತು, ಆಮೇಲೆ ಸದ್ದಾಯಿತು. ಎರಡೂ ಅಷ್ಟೇ ಸ್ಪಷ್ಟ.

"ಖಾತ್ರಿಯಾಗಿ ಹೇಳಾಕ ಬರೂದಿಲ್ಲಪ್ಪಾ," ಎಂದೆ.

ಪ್ರಾಮಾಣಿಕ ಉತ್ತರ ತಾನೇ? ನನಗೂ ಹಾಗೇ ಅನಿಸಿತು. ಆದರೆ ಅಕ್ಕ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಮಾತು ಅಲ್ಲಿಗೆ ತೀರ್ಮಾನವಾಯಿತು. ಭಾನುವಾರ ಸೈಕಲ್ ಮಾರುವುದು. ರೊಟ್ಟಿ? "ಮನಿಗೇ ಬಂದು ಒಯ್ಯವರು ಇದ್ರ ಒಯ್ಯಲಿ" ಎಂದ ಮಂಜು. ಒಯ್ಯಲು ಯಾರೂ ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಪೆಡಲ್ ಇಲ್ಲದ ಸೈಕಲ್ ಯಾರು ಕೊಳ್ಳುತ್ತಾರೆ? ಅದೂ ನನ್ನ ತಲೆಗೇ ಬಂತು. ಕ್ರ್ಯಾಂಕ್ ಬಿಚ್ಚಿಸಿ, ಬಿದ್ದ ಪೆಡಲ್ ಜೊತೆ ಚೀಲಕ್ಕೆ ಹಾಕಿಕೊಂಡು ಗೋಕಾಕದ ಲೇತ್ ಅಂಗಡಿಗೆ ಹೋದೆ. ಇರಪ್ಪ ಮಿಸ್ತ್ರಿ ಕ್ರ್ಯಾಂಕಿನ ತೂತಿಗೆ ಬೆರಳು ಹಾಕಿದರು. ಬೆರಳಿಗೆ ಬೆಳ್ಳಗೆ ಅಲ್ಯೂಮಿನಿಯಂ ಪುಡಿ ಹತ್ತಿತು.

"ಥ್ರೆಡ್ ಎಲ್ಲಾ ಹಿಟ್ಟಾಗೇತ್ರಿ ಸರ. ತೂತು ದೊಡ್ಡದ ಮಾಡಿ, ಒಳಗ ಉಕ್ಕಿನ ಬಳಿಯಂಥಾ ಬುಷ್ ಕೂಡಿಸಿ, ಬುಷ್‌ನ್ಯಾಗ ಹೊಸಾ ಥ್ರೆಡ್ ಹಾಕೂಣ. ಮೊದಲಿಗಿಂತ ಗಟ್ಟಿ ಆಕ್ಕೈತಿ. ಆದ್ರ ಇದು ಎಡಗಡೆದು. ಉಲ್ಟಾ ಥ್ರೆಡ್ ಕೊರಿಯೂ ಟ್ಯಾಪ್ ನನ್ನ ಕಡೆ ಇಲ್ಲ, ಸಂಕೇಶ್ವರದಿಂದ ತರಸ್ಬೇಕು."

ಉಲ್ಟಾ ಎಂಬ ಮಾತು ಕೇಳಿದಾಗ ನಾನು ಸುಮ್ಮನೆ ಪೆಡಲನ್ನು ಕೈಯಲ್ಲಿ ತಿರುಗಿಸುತ್ತಿದ್ದೆ. ಎಲ್ಲ ನಟ್ಟು ಬೋಲ್ಟ್‌ಗಳಂತೆ ಸೈಕಲ್ಲಿನ ಬಲ ಪೆಡಲನ್ನು ಬಲಕ್ಕೆ ತಿರುಗಿಸಿ ಬಿಗಿಯಬೇಕು. ಎಡ ಪೆಡಲ್ ಮಾತ್ರ ಎಡಕ್ಕೆ. ಇಲ್ಲದಿದ್ದರೆ ತುಳಿದಂತೆಲ್ಲ ಅದು ತಾನಾಗಿಯೇ ಸಡಿಲಾಗುತ್ತದೆ. ಅದಕ್ಕೇ ಗುರುತಿಗೆಂದು ಪೆಡಲಿನ ಕಂಬಿಯ ತುದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಕೊರೆದಿರುತ್ತಾರೆ. ಎಡಕ್ಕೆ ಎಲ್, ಬಲಕ್ಕೆ ಆರ್.

ನನ್ನ ಕೈಯಲ್ಲಿದ್ದದ್ದು ಆರ್.

ಎಡಗಡೆಯಿಂದ ಬಿದ್ದ ಪೆಡಲ್ ಮೇಲೆ ಆರ್! ತಕ್ಷಣ ನನ್ನ ರೋಗ ಕೆರಳಿತು. ಇದು ಅದೇ ಪೆಡಲ್ ಹೌದೋ ಅಲ್ಲವೋ? ಬಿಚ್ಚುವಾಗ ಅದಲುಬದಲಾಯಿತೇನೋ? ಇರಪ್ಪರಿಗೆ ಹೇಳಿದೆ.

"ರಸ್ತೆದಾಗ ಎಷ್ಟು ಪೈಡಲ್ ಬಿದ್ದಿದ್ವ್ರಿ?"

"ಒಂದು."

"ಚೀಲದಾಗ ಎಷ್ಟು ಅದಾವು?"

"ಒಂದು."

"ಮತ್ತ ಎದರೊಳಗ ಅದಲುಬದಲ್ರಿ ಸರ?" ಎಂದು ಪಕ್ಕದಲ್ಲಿ ನಿಂತ ಗಿರಾಕಿಗಳ ಕಡೆ ನೋಡಿ ನಕ್ಕರು.

ನಕ್ಕರೆ ನಗಲಿ. ಪರೀಕ್ಷೆಗೆ ಒಂದು ದಾರಿ ಇತ್ತು. ಇದು ಆರ್ ಆದರೆ, ಸೈಕಲ್ಲಿನ ಬಲಗಡೆ ಇನ್ನೂ ಇರುವ ಪೆಡಲ್ ಎಲ್ ಆಗಿರಲೇಬೇಕು. ಅದೂ ಬೀಳುವ ಹಾದಿಯಲ್ಲಿರಬೇಕು. ನೆನಪಿನ ಹಂಗೇ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಉಳಿದ ಪೆಡಲಿನ ಕಂಬಿ ತುದಿಗೆ ಒಂದು ಅಕ್ಷರ ಐತಿ. ಒಂದು ಉದ್ದ ಗೀಟು, ಅದರ ಕೆಳಗ ಅಡ್ಡ..."

"ಎಲ್ ಅನ್ನಲಾ. ನಾ ಏನ್ ಓದಾಕ ಬರದಾಕಿ ಅಂತ ತಿಳದೀಯೇನು? ಎಲ್ ಐತಿ."

"ಅಲುಗಾಡಿಸಿ ನೋಡು."

ಫೋನಿನಲ್ಲೇ ಲಟಲಟ ಸದ್ದು ಕೇಳಿತು. ಆಮೇಲೆ, "ಹಾಲಹಲ್ಲಿನಂಗ ಅಳ್ಳಾಡಾಕತ್ತೈತಿ. ಹಬ್ಬದಾಗಿಂದ ತುಳದಾಗೊಮ್ಮೆ ಕಟ್ ಕಟ್ ಅಂತಿತ್ತು ನೋಡು. ಮಂಜುಗೆ ಹೇಳಿದ್ರ, ಹೊಸಾವು ಹಂಗ ಅಂತಾವ ಅಂದ."

ಅಲ್ಲಿಗೆ ಲೆಕ್ಕ ಸರಿಹೋಯಿತು. ಮಂಜು ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿದ್ದ. ಒಳಗೆ ಹೋಗದಿದ್ದಾಗ ಪೈಪ್ ಸಿಗಿಸಿದ್ದ. ಉಕ್ಕಿನ ಕಂಬಿ ಮೆತ್ತನೆಯ ಕ್ರ್ಯಾಂಕನ್ನು ಕೊರೆದುಕೊಂಡು ಒಳಗೆ ಕೂತಿತ್ತು, ಆಮೇಲೆ ತುಳಿದಂತೆಲ್ಲ ಸಡಿಲಾಗಿ ಕಳಚಿತ್ತು. ಬಿಗಿಯಾಗಿ ಕೂತಿದೆ ಎಂದು ಅವನಿಗೆ ಅನಿಸಿದ್ದು ಸುಳ್ಳಲ್ಲ. ನಮ್ಮ ಕಡೆ ಯಾವುದು ಒಗ್ಗದಿದ್ದರೂ ಪಾನಾಕ್ಕೆ ಪೈಪ್ ಸಿಗಿಸುವುದೇ ತಾನೇ? ಬೀಗ ತೆರೆಯದಿದ್ದರೆ, ಮಗ ಓದದಿದ್ದರೆ, ಸೊಸೆ ಒಪ್ಪದಿದ್ದರೆ, ಇನ್ನಷ್ಟು ಉದ್ದದ ಪೈಪ್. ಒಳಗೆ ಥ್ರೆಡ್ ಹಿಟ್ಟಾಗುವ ಸದ್ದು ತಿರುಗಿಸುವವನಿಗೆ ಕೇಳುವುದಿಲ್ಲ. ತುಳಿಯುವವರಿಗೆ ಕೇಳುತ್ತದೆ.

ಬಲಗಡೆಯ ಕ್ರ್ಯಾಂಕೂ ಗೋಕಾಕಕ್ಕೆ ಬಂತು. ಅದಕ್ಕೂ ಬುಷ್ ಬಿತ್ತು. ಭಾನುವಾರ ಎರಡನ್ನೂ ತೆಗೆದುಕೊಂಡು ಮೂಡಲಗಿಗೆ ಹೋದೆ. ಕೊಳ್ಳುವವನು ಬರುವುದಕ್ಕೆ ಮೊದಲೇ ಪೆಡಲ್‌ಗಳನ್ನು ಮಂಜುವಿನ ಕೈಗಿಟ್ಟು ಅಕ್ಷರ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಬಾಡಿತು.

"ಅಂದ್ರ ಅವ್ವನ ನಾನ ಬೀಳಿಸಿದೆ."

"ನೀ ಯಾಕ ಬೀಳಸ್ತಿ? ಪೈಡಲ್ ಬೀಳಿಸ್ತು," ಎಂದಳು ಅಕ್ಕ. "ಹೋಗಲಿ ಬಿಡೋ. ತಾಯಿಗೆ ಹಬ್ಬಕ್ಕ ಪೈಡಲ್ ತರೂ ಮಗಾ ಊರಾಗ ಇನ್ಯಾರಿಗೈತಿ?"

ಮಂಜು ಮೂಗು ಒರೆಸಿಕೊಂಡು ಹೊರಗೆ ಹೋಗಿ, ಕೊಳ್ಳಲು ಬಂದವನನ್ನು ಬಾಗಿಲಿಂದಲೇ ಕಳಿಸಿದ. ಮೆಕ್ಯಾನಿಕ್ ಬಂದು ಎಲ್ಲ ಜೋಡಿಸಿದ. ಅಕ್ಕ ಉಳುಕಿದ ಕೈಯಲ್ಲೇ ಹ್ಯಾಂಡಲ್ ಹಿಡಿದು ಮನೆ ಮುಂದೆ ಒಂದು ಸುತ್ತು ಹೊಡೆದಳು. ಕಟ್ ಕಟ್ ಇಲ್ಲ.

ನಾನು ಒಳಗೊಳಗೇ ಬೀಗುತ್ತಿದ್ದೆ. ಊಹೆ, ಪರೀಕ್ಷೆ, ಸಾಬೀತು. ಸಂಶಯದಿಂದಲೇ ಸತ್ಯ ಹೊರಬಂತಲ್ಲ! ಅಕ್ಕ ಸೈಕಲ್ಲಿನಿಂದ ಇಳಿದು ನನ್ನ ಹತ್ತಿರ ಬಂದಳು. ಹೊಗಳುತ್ತಾಳೆಂದುಕೊಂಡೆ.

"ತಮ್ಮಾ, ಅವಂಗ ನನಗೇನಾರ ಆದೀತು ಅನ್ನೂ ಅಂಜಿಕಿ. ಅವನ ಮ್ಯಾಲ ನನಗ ಸಿಟ್ಟಿಲ್ಲ. ನಿನಗೇನಾಗಿತ್ತು? ಧೂಳದಾಗ ಕೂತ ಹೇಳಿದ್ನಲ್ಲ, ಪೈಡಲ್ ಕಳಚಿತು ಅಂತ. ಅದನ್ನ ಕೇಳಿದ್ದು ನೆನಪಿತ್ತೋ ಇಲ್ಲೋ?"

ಇತ್ತು. ಚೆನ್ನಾಗಿಯೇ ಇತ್ತು. ನಾನು ಕಂಡದ್ದರ ಬಗ್ಗೆ ಸಂಶಯವಿತ್ತು, ಕೇಳಿದ್ದರ ಬಗ್ಗೆ ಇರಲಿಲ್ಲ. ಆದರೂ ಅದು ಸಾಕ್ಷಿಯಾದೀತೆಂದು ನನಗೆ ಹೊಳೆಯಲೇ ಇಲ್ಲ. ಕಾಲಡಿಯ ಪೆಡಲ್ ಹೋದದ್ದು ಆ ಕಾಲಿನವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು? "ಖಾತ್ರಿಯಾಗಿ ಹೇಳಲಾರೆ" ಎಂದು ನಾನು ಯಾರ ಪಕ್ಷವನ್ನೂ ವಹಿಸದೆ ನಡುವೆ ನಿಂತೆ ಅಂದುಕೊಂಡಿದ್ದೆ. ಒಬ್ಬರು ತೀರ್ಪು ಕೊಟ್ಟು ಮುಗಿಸಿರುವ ಮನೆಯಲ್ಲಿ ನಡುವೆ ಎಂಬ ಜಾಗ ಎಲ್ಲಿರುತ್ತದೆ?

ಸಂಶಯಪಡುವುದನ್ನು ನಾನು ಓದಿ ಕಲಿತೆ, ಸರಿ. ಬಿದ್ದವಳ ಮಾತನ್ನೇ ಮೊದಲು ಸಂಶಯಿಸಬೇಕೆಂದು ನನಗೆ ಕಲಿಸಿದವರು ಯಾರು?