ಅಕಾರಾದಿ ಕ್ರಮದ ಲಗ್ನಪತ್ರಿಕೆ

ನಮ್ಮ ಮನೆಯ ದಿನಸಿ ಚೀಟಿಗಳನ್ನು ನಾಲ್ಕು ವರ್ಷದಿಂದ ಗಂಡಸಿಯ ತಿಮ್ಮೇಗೌಡರ ಮಗಳ ಮದುವೆಯ ಬೆನ್ನ ಮೇಲೇ ಬರೆಯುತ್ತ ಬಂದಿದ್ದೇವೆ. ಗಾಬರಿಯಾಗಬೇಡಿ. ತಪ್ಪು ಅಚ್ಚಾದ ಲಗ್ನಪತ್ರಿಕೆಗಳ ಒಂದು ದೊಡ್ಡ ಕಟ್ಟು ನಮ್ಮ ಮನೆಗೆ ಬಂದು ಸೇರಿತ್ತು. ಒಂದು ಬದಿ ಖಾಲಿ, ಕಾಗದ ದಪ್ಪ, ನಾನೋ ಎಸೆಯಲು ಕೈ ಬಾರದ ಸ್ವಭಾವದವನು. ಇವತ್ತು ಬೆಳಿಗ್ಗೆ ನನ್ನಾಕೆ ಅದರ ಮೇಲೆ ಉದ್ದಿನಬೇಳೆ, ಸೋಪು, ಮೆಂತ್ಯ ಎಂದು ಬರೆದು ಕೈಗಿಟ್ಟು, “ಇನ್ನು ಎರಡೇ ಉಳಿದಿರೋದು. ಇನ್ನೊಂದು ಮದುವೆ ಕೆಡಿಸಿ ಬನ್ನಿ” ಎಂದಳು.

ಆ ಕಾರ್ಡುಗಳು ಕೆಡಲು ಕಾರಣ ಲಿನಕ್ಸ್ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಕಾರಣ ನಾನು. ಲಿನಕ್ಸಿಗೆ ಬಾಯಿಲ್ಲ, ಆದ್ದರಿಂದ ಅನುಕೂಲವಾಯಿತು.

ಲಿನಕ್ಸ್ ಎಂದರೇನು ಎಂದು ಕೇಳುವವರು ಸ್ವಲ್ಪ ದೂರ ಕೂತು ಕೇಳುವುದು ಕ್ಷೇಮ. ಹತ್ತಿರ ಕೂತವರನ್ನು ನಾನು ಬಿಟ್ಟಿದ್ದಿಲ್ಲ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಅದು. ಯಾರಪ್ಪನ ಸ್ವತ್ತೂ ಅಲ್ಲ. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ನೆರೆಯವರಿಗೆ ಹಂಚಬಹುದು. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಗ ಹತ್ತಿದ ಹುಚ್ಚು, ನಿವೃತ್ತಿಯ ನಂತರ ಪೂರ್ಣಾವಧಿಯದಾಯಿತು. ಔಷಧಿ ಅಂಗಡಿ, ಡ್ರೈವಿಂಗ್ ಸ್ಕೂಲು, ಕೊಬ್ಬರಿ ಮಂಡಿ, ಯಾವುದನ್ನೂ ಬಿಡದೆ ಹೊಕ್ಕು ಉಪದೇಶ ಮಾಡಿದೆ. ನಾನು ದೂರದಲ್ಲಿ ಬರುವುದನ್ನು ಕಂಡು ಷಟರ್ ಎಳೆಯುವ ಅಂಗಡಿಯವರು ಅರಸೀಕೆರೆಯಲ್ಲಿ ಇಂದಿಗೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನು ಬೀಗವನ್ನೂ ಹಾಕುತ್ತಿದ್ದೆ.

ತಾನಾಗಿ ಬಂದು ಸಿಕ್ಕಿಬಿದ್ದವರೆಂದರೆ ಪ್ರೆಸ್ಸಿನ ರುದ್ರಪ್ಪನವರೊಬ್ಬರೇ. ಸ್ಟೇಷನ್ ರಸ್ತೆಯ ಒಳಗಲ್ಲಿಯಲ್ಲಿ ಅವರ ಅಚ್ಚುಕೂಟ. ಲಗ್ನಪತ್ರಿಕೆ, ತಿಥಿಯ ಕಾರ್ಡು, ಗೃಹಪ್ರವೇಶ, ಹೀಗೆ ಮನುಷ್ಯನ ಸಕಲ ಅವಸ್ಥೆಗಳೂ ಅಲ್ಲಿ ಅಚ್ಚಾಗುತ್ತಿದ್ದವು. ಎರಡು ಕಂಪ್ಯೂಟರ್, ಎರಡರಲ್ಲೂ ಕದ್ದು ನಕಲು ಮಾಡಿದ ತಂತ್ರಾಂಶ. ತಿಂಗಳಿಗೊಮ್ಮೆ ವೈರಸ್ ಬಂದು ಮಲಗುತ್ತಿದ್ದವು. ಅಸಲಿಯನ್ನೇ ಕೊಳ್ಳೋಣವೆಂದರೆ ಈಗ ಕೊಳ್ಳುವುದೇ ಇಲ್ಲವಂತೆ, ವರ್ಷ ವರ್ಷವೂ ಬಾಡಿಗೆ ಕಟ್ಟುತ್ತಿರಬೇಕಂತೆ.

“ಮೇಷ್ಟ್ರೇ, ನಿಮ್ಮದು ಪುಕ್ಕಟೆ ಅಂತಾರಲ್ಲ, ನಿಜವಾ?”

“ಪುಕ್ಕಟೆ ಅನ್ನಬಾರದು ರುದ್ರಪ್ಪನವರೇ. ಸ್ವತಂತ್ರ ಅನ್ನಬೇಕು.”

“ದುಡ್ಡು ಕೊಡಬೇಕಾ?”

“ಬೇಡ.”

“ಅದನ್ನೇ ನಾನು ಕೇಳಿದ್ದು.”

ಒಪ್ಪಿಗೆಯಾಯಿತು. ಆಮೇಲೆ ಆರಿಸುವ ಕೆಲಸ. ಲಿನಕ್ಸ್ ಎಂದರೆ ಒಂದಲ್ಲ. ನೂರಾರು ಕವಲು, ಒಂದೊಂದಕ್ಕೂ ಬೇರೆ ಹೆಸರು, ಬೇರೆ ಭಕ್ತವೃಂದ. ನಾನು ಮೂರು ವಾರ ಆರಿಸಿದೆ. ಅಂತರಜಾಲದ ಚರ್ಚಾಕೂಟಗಳಲ್ಲಿ ಪ್ರಶ್ನೆ ಹಾಕಿದೆ. ಬ್ರೆಜಿಲಿನಿಂದ ಒಬ್ಬ, ಪೋಲೆಂಡಿನಿಂದ ಒಬ್ಬ ಅರಸೀಕೆರೆಯ ಅಚ್ಚುಕೂಟದ ಭವಿಷ್ಯದ ಬಗ್ಗೆ ತುಂಬ ಕಾಳಜಿಯಿಂದ ಬರೆದರು. ಮುಚ್ಚುವ ಗುಂಡಿ ಪರದೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಬಗ್ಗೆ ಅವರಿಬ್ಬರಿಗೂ ಜಗಳವಾಗಿ, ಸಂಧಾನಕ್ಕೆ ನಾನೇ ಎರಡು ದಿನ ಕಳೆದೆ. ಇಷ್ಟೆಲ್ಲದರ ನಡುವೆ ಆ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವರನ್ನು, ನನ್ನಿಂದ ಎರಡು ಅಡಿ ದೂರದಲ್ಲಿದ್ದ ಸರೋಜಮ್ಮನನ್ನು, ಒಂದು ಮಾತು ಕೇಳಬೇಕೆಂದು ನನಗಾಗಲಿ ಪೋಲೆಂಡಿನವನಿಗಾಗಲಿ ಹೊಳೆಯಲಿಲ್ಲ.

ಸರೋಜಮ್ಮ ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಆ ಪ್ರೆಸ್ಸಿನಲ್ಲಿದ್ದವರು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ. ಕಂಪ್ಯೂಟರ್ ಬಂದಾಗ ಅದನ್ನೂ ಕಲಿತರು. ಕುರ್ಚಿಯ ಮೇಲೆ ಒಂದು ಚಪ್ಪಟೆ ದಿಂಬು, ಪಕ್ಕದಲ್ಲಿ ಊಟದ ಡಬ್ಬಿ, ಮೂಗಿನ ತುದಿಗೆ ಕನ್ನಡಕ.

ಲಗ್ನಪತ್ರಿಕೆಯಲ್ಲಿ ಮುಖ್ಯವಾದದ್ದು ವಧೂವರರ ಹೆಸರು ಎಂದುಕೊಂಡವರು ಇನ್ನೂ ಒಂದು ಮದುವೆ ಮಾಡಿಸಿದವರಲ್ಲ. ಮುಖ್ಯವಾದದ್ದು ಕೆಳಗಿರುವ ಪಟ್ಟಿ, ತಮ್ಮ ಆಗಮನವನ್ನು ಬಯಸುವವರದು. ಅಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರು ಯಾರ ಪಕ್ಕದಲ್ಲಿ ನಿಂತರೆ ಕೂಳು ನೀರು ಬಿಡುತ್ತಾರೆ ಎಂಬುದೆಲ್ಲ ವರ್ಷಗಟ್ಟಲೆ ಮಾತಾಡಿ ಇತ್ಯರ್ಥವಾದ ವಿಷಯ. ಗಿರಾಕಿ ಬಂದರೆ ಸರೋಜಮ್ಮ ಮೊದಲು ಸ್ಟೂಲ್ ತೋರಿಸಿ ಕೂರಿಸುವರು. ಆ ಮನೆಯ ಹಿಂದಿನ ಮದುವೆಯ ಕಾರ್ಡನ್ನು ಕಂಪ್ಯೂಟರಿನಲ್ಲಿ ತೆಗೆದು, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುವರು. “ಚಿಕ್ಕಪ್ಪ ಮೇಲಿರಲಾ, ಸೋದರಮಾವನಾ? ಹೋದ ಸಲ ಮಾವನ್ನ ಮೇಲೆ ಹಾಕಿದ್ವಿ. ಈ ಸಲ ಮುಯ್ಯಿ ಯಾರದು?” ಗಿರಾಕಿ ಯೋಚಿಸುವನು, ಮನೆಗೆ ಫೋನ್ ಮಾಡುವನು, ಹೆಂಡತಿ ಬೈಯುವುದು ನಮಗೂ ಕೇಳಿಸುವುದು. ಒಂದು ಕಾರ್ಡಿಗೆ ಅರ್ಧ ಗಂಟೆ. ನಾನು ಗಡಿಯಾರ ನೋಡಿ ಮರುಗುತ್ತಿದ್ದೆ. ಎಂಥ ಕಾಲಹರಣ!

ಲಿನಕ್ಸ್ ಹಾಕಿದ ದಿನ ಹಳೆಯ ಕಾರ್ಡುಗಳನ್ನು ತೆರೆದರೆ ಕನ್ನಡವೇ ಕಾಣಲಿಲ್ಲ. ಹಳೆಯ ಕಾಲದ ಅಕ್ಷರಗಳು ಹೊಸದರಲ್ಲಿ ಸೊನ್ನೆ, ಕೊಕ್ಕೆ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಾಲಾಗಿ ಕೂತಿದ್ದವು. ಪರಿವರ್ತಿಸುವ ಸಣ್ಣ ತಂತ್ರಾಂಶವನ್ನು ಹುಡುಕಿ ತಂದು, ಜಾರಿಬಿದ್ದ ಒತ್ತಕ್ಷರಗಳನ್ನು ಎತ್ತಿ ನಿಲ್ಲಿಸಿ, ಒಂದು ತಿಂಗಳು ಒದ್ದಾಡಿದೆ. ಅದರ ಮೇಲೆ ನನ್ನದೇ ಒಂದು ಸುಧಾರಣೆ: ಒಂದೊಂದು ಮನೆತನದ ಹೆಸರುಗಳನ್ನೂ ಒಂದೊಂದು ಪಟ್ಟಿ ಮಾಡಿಟ್ಟೆ. ಬೇಕಾದ ಹೆಸರಿಗೆ ಗುರುತು ಹಾಕಿದರೆ ಅದು ತಾನಾಗಿ ಕಾರ್ಡಿಗೆ ಹೋಗಿ ಕೂರಬೇಕು.

“ನೋಡಿ ರುದ್ರಪ್ಪನವರೇ,” ಎಂದೆ, “ಇನ್ನು ಯಾರು ಬೇಕಾದರೂ ಕಾರ್ಡು ಮಾಡಬಹುದು.”

“ಯಾರು ಬೇಕಾದ್ರೂ?” ಎಂದು ಅವರು ಸರೋಜಮ್ಮನ ಕಡೆ ನೋಡಿದರು. ಸರೋಜಮ್ಮನೂ ಕೇಳಿಸಿಕೊಂಡರು. ಮುಂದಿನ ಸೋಮವಾರ ಅವರಿಗೆ, “ಒಂದು ಹದಿನೈದು ದಿನ ಆರಾಮ್ ಮಾಡಿ ಸರೋಜಮ್ಮ, ಹೇಗೂ ಮೇಷ್ಟ್ರಿದಾರೆ” ಎಂದು ಹೇಳಿಯೂ ಆಯಿತು. ಇಂಥ ಆರಾಮಕ್ಕೆ ಅರ್ಥವೇನೆಂದು ಪ್ರೆಸ್ಸಿನ ಗೋಡೆಗೂ ಗೊತ್ತಿತ್ತು. ನಾನು ಮಾತ್ರ ಒತ್ತಕ್ಷರಗಳ ಧ್ಯಾನದಲ್ಲಿದ್ದೆ.

ಆ ವಾರವೇ ತಿಮ್ಮೇಗೌಡರು ಬಂದರು.

“ದೊಡ್ಡ ಹುಡುಗಿ ಮದ್ವೇದು ಕಾರ್ಡೈತಲ್ಲ, ಅದ್ನೇ ತಗೀರಿ ಮೇಷ್ಟ್ರೇ. ಹೆಣ್ಣು ಗಂಡು ಹೆಸರು ಬದ್ಲಾಯ್ಸಿ. ಆಮೇಲೆ ನಮ್ಮಣ್ಣ ಹುಚ್ಚೇಗೌಡನ ಹೆಸರು ಸೇರಿಸ್ಬೇಕು. ಈ ಸಲ ಬತ್ತೀನಿ ಅಂದವ್ನೆ.”

ಅಣ್ಣತಮ್ಮಂದಿರಿಗೆ ಹತ್ತು ವರ್ಷದಿಂದ ಮಾತಿರಲಿಲ್ಲ. ಪಂಪ್‌ಸೆಟ್ ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದರಿಂದ ಶುರುವಾದದ್ದು. ದೊಡ್ಡ ಮಗಳ ಮದುವೆಗೆ ಅಣ್ಣ ಬಂದಿರಲಿಲ್ಲ. ಈಗ ರಾಜಿಯಾಗಿತ್ತು. ಅಣ್ಣನ ಹೆಸರು ಎಲ್ಲಿ ಸೇರಿಸಬೇಕೆಂದು ಗೌಡರು ಹೇಳಲಿಲ್ಲ. ಆ ಸ್ಟೂಲಿನ ಮೇಲೆ ಕೂತರೆ ಯಾರಾದರೂ ಕೇಳುತ್ತಾರೆ ಎಂಬುದು ಅವರ ರೂಢಿ. ನಾನು ಕೇಳಲಿಲ್ಲ. ಹೆಸರು ಸೇರಿಸಿದೆ. ಪಟ್ಟಿ ಮೂವತ್ತೆಂಟಾಯಿತು. ಯಾವ ತರ್ಕವೂ ಇಲ್ಲದೆ ಹೆಸರುಗಳು ಚೆಲ್ಲಾಪಿಲ್ಲಿಯಾಗಿ ನಿಂತಿವೆ ಅನ್ನಿಸಿತು. ಅಕಾರಾದಿಯಾಗಿ ಸಾಲು ಮಾಡುವ ಗುಂಡಿಯೊಂದು ಮೇಲಿತ್ತು. ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂವತ್ತೆಂಟು ಜನ ನಿಘಂಟಿನ ಶಿಸ್ತಿನಲ್ಲಿ ನಿಂತರು. ಗೌಡರು ಮುಹೂರ್ತ, ಛತ್ರ, ತಾರೀಖು ಮೂರನ್ನು ನೋಡಿ, “ನೀವೇ ನೋಡಿದೀರಲ್ಲ, ಇನ್ನೇನೈತೆ, ಹೊಡೀರಿ” ಎಂದರು.

ದೇವರ ಮುಂದಿಟ್ಟ ಮೊದಲ ಕಾರ್ಡಿನ ನಂತರದ್ದು ಅಣ್ಣನ ಮನೆಗೆ ಹೋಯಿತು. ಅರಿಸಿನ ಕುಂಕುಮ ಹಚ್ಚಿದ ಕಾರ್ಡನ್ನು ಹುಚ್ಚೇಗೌಡರು ಬಿಸಿಲಿಗೆ ಹಿಡಿದು ಪೂರ್ತಿ ಓದಿದರಂತೆ. ಪಟ್ಟಿಯ ತಲೆಯ ಮೇಲೆ ಅಶೋಕ ಇದ್ದ, ನಾದಿನಿಯ ಗಂಡನ ತಮ್ಮ. ಹೆಣ್ಣಿನ ದೊಡ್ಡಪ್ಪ ಹುಚ್ಚೇಗೌಡರು ಮೂವತ್ತೆಂಟನೆಯವರು. ಕಾರ್ಡು ಮಡಿಸಿ ವಾಪಸ್ಸು ಕೊಟ್ಟು, “ಕೊನೆಗಾದ್ರೂ ಹಾಕಿದೀಯಲ್ಲ ತಮ್ಮಾ, ಸಂತೋಷ” ಎಂದು ಒಳಗೆ ಹೋದರಂತೆ.

ಮರುದಿನ ತಿಮ್ಮೇಗೌಡರು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. “ಹತ್ತು ವರ್ಷಕ್ಕೆ ಬಾಗ್ಲು ತಗ್ದಿದ್ದ ಕಣ್ರೀ! ಯಾವನ್ರೀ ಇದ್ನ ಮಾಡಿದ್ದು?”

ರುದ್ರಪ್ಪನವರು ನನ್ನ ಮುಖ ನೋಡಿದರು. ಪುಕ್ಕಟೆ ಕೆಲಸ ಮಾಡುವ ಮನುಷ್ಯ, ವಯಸ್ಸಾದವನು, ಮೇಷ್ಟ್ರು. “ನಮ್ಮ ಆಪರೇಟರ್ ಹೆಂಗಸು ಗೌಡ್ರೇ, ಏನೋ ಮಾಡ್ಬಿಟ್ಟಿದಾಳೆ. ಇರಿ, ಕರೆಸ್ತೀನಿ” ಎಂದರು.

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲು ಬೇಕಾದಷ್ಟು ಸಮಯವಿತ್ತು. ಆಗ ನನಗೆ ಪ್ರಿಂಟರಿನ ಕಾಗದದ ಟ್ರೇಯಲ್ಲಿ ಏನೋ ದೋಷವಿರುವಂತೆ ಕಂಡಿತು. ಬಗ್ಗಿ ಅದನ್ನೇ ಪರೀಕ್ಷಿಸಿದೆ. ಸರೋಜಮ್ಮ ಬರುವವರೆಗೂ ಪರೀಕ್ಷಿಸಿದೆ.

“ಏನಮ್ಮ, ನಿಂಗೆ ಮೇಲು ಕೆಳಗು ಗೊತ್ತಾಗಕಿಲ್ವಾ? ಅನ್ನ ತಿಂತೀಯಾ ಏನು ತಿಂತೀಯಾ?”

ಸರೋಜಮ್ಮ ಕಾರ್ಡು ನೋಡಿದರು. ನನ್ನನ್ನು ನೋಡಿದರು. ನಾನು ಟ್ರೇಯನ್ನು ನೋಡುತ್ತಿದ್ದೆ. “ಕೂತ್ಕೊಳ್ಳಿ ಗೌಡ್ರೇ” ಎಂದು ಸ್ಟೂಲ್ ಎಳೆದರು. “ಅಣ್ಣನಿಂದ ಶುರು ಮಾಡೋಣ. ಅತ್ತಿಗೆ ಹೆಸರೂ ಪಕ್ಕದಲ್ಲಿ ಬರಲಾ? ಅವರಿಗೂ ಸಮಾಧಾನವಾಗುತ್ತೆ.” ಅರ್ಧ ಗಂಟೆ ಅವರು ಹೆಸರು ಓದಿದರು, ಗೌಡರು ತಲೆಯಾಡಿಸಿದರು, ಹೊಸ ಏರ್ಪಾಡನ್ನು ಸರೋಜಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಾದ್ದರಿಂದ ನಾನು ಟೈಪು ಮಾಡಿದೆ. ಹೊಸ ಕಾರ್ಡು ಹೋಯಿತು. ಹುಚ್ಚೇಗೌಡರು ಮದುವೆಗೆ ಬಂದು ಧಾರೆಗೆ ಮುಂದೆ ನಿಂತರೆಂದು ಆಮೇಲೆ ಕೇಳಿದೆವು.

ಸರೋಜಮ್ಮ ಕುರ್ಚಿಯ ಮೇಲಿನ ದಿಂಬನ್ನು ಚೀಲಕ್ಕೆ ಹಾಕಿಕೊಂಡರು. “ನಿಮ್ಮ ಸಿಸ್ಟಮ್ ಕೆಟ್ಟದ್ದೇನಲ್ಲ ಮೇಷ್ಟ್ರೇ. ಕೇಳಿದ್ದಿದ್ರೆ ನಾನೂ ಕಲೀತಿದ್ದೆ” ಎಂದರು. “ಬರ್ತೀನಿ ರುದ್ರಪ್ಪಣ್ಣ” ಎಂದವರು ಮತ್ತೆ ಬರಲಿಲ್ಲ. ರುದ್ರಪ್ಪನವರ ಪ್ರೆಸ್ಸಿನಲ್ಲಿ ಲಿನಕ್ಸ್ ಈಗಲೂ ಇದೆ. ಗಿರಾಕಿಗಳು ಕಡಿಮೆ, ವೈರಸ್ಸೂ ಇಲ್ಲ. ವಾರಕ್ಕೆರಡು ಸಲ ಫೋನ್ ಬರುತ್ತದೆ: “ಮೇಷ್ಟ್ರೇ, ಪ್ರಿಂಟರ್ ಮಾತಾಡ್ತಿಲ್ಲ.” ಹೋಗುತ್ತೇನೆ. ಮೊದಲಾಗಿದ್ದರೆ ಹುರುಪಿರುತ್ತಿತ್ತು. ಈಗ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತೇನೆ.

ಹೋದ ವಾರ ಬಂದ ಫೋನು ಸರೋಜಮ್ಮನದು. ಇಷ್ಟು ದಿನ ಬೇಲೂರಿನ ಪ್ರೆಸ್ಸೊಂದಕ್ಕೆ ಪುಟದ ಲೆಕ್ಕದಲ್ಲಿ ಟೈಪು ಮಾಡಿಕೊಡುತ್ತಿದ್ದರಂತೆ. ಈಗ ಹಳೇಬೀಡಿನಲ್ಲಿ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಅಂಗಡಿ, ಒಂದು ಕಂಪ್ಯೂಟರ್. “ಲಿನಕ್ಸೇ ಹಾಕ್ಕೊಡಿ. ಕಳ್ಳ ಮಾಲು ನನಗೆ ಬೇಡ.”

ಜಾವಗಲ್ ಮೇಲಿನ ಬಸ್ಸು ಹಿಡಿದು ಹೋದೆ. ಈ ಸಲ ಉಪನ್ಯಾಸ ಒಯ್ಯಲಿಲ್ಲ, ಒಂದು ನೋಟ್‌ಬುಕ್ ಒಯ್ದಿದ್ದೆ. “ಏನೇನು ಬೇಕು ಹೇಳಿ” ಎಂದೆ.

“ಬರ್ಕೊಳ್ಳಿ. ಒಂದು, ಕೀಲಿಮಣೆ ನನ್ನ ಬೆರಳಿಗೆ ಗೊತ್ತಿರೋ ಹಾಗೇ ಇರಬೇಕು. ಎರಡು, ಹಳೇ ಕಾರ್ಡು ಹಾಗೇ ತೆಗೀಬೇಕು. ಮೂರು, ಆ ಸಾಲು ಮಾಡೋ ಗುಂಡಿ ಕಣ್ಣಿಗೇ ಬೀಳಬಾರದು.”

ಬರೆದುಕೊಂಡೆ. “ಸರೋಜಮ್ಮ, ಅವತ್ತು ಆ ಗುಂಡಿ ಒತ್ತಿದ್ದು...”

“ನೀವೇ. ನಾನು ಆರಾಮದಲ್ಲಿದ್ದೆನಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಹೇಳ್ತೀರೇನೋ ಅಂತ ನೋಡ್ತಿದ್ದೆ. ನೀವು ಪ್ರಿಂಟರ್ ನೋಡ್ತಿದ್ರಿ.” ಅವರು ಕನ್ನಡಕ ಒರೆಸಿಕೊಂಡರು. “ಗಂಡಸಿಯವರ ನೆಂಟರು ಈ ಕಡೆ ತುಂಬ ಇದಾರೆ ಮೇಷ್ಟ್ರೇ. ‘ಅಣ್ಣನ್ನ ಕೊನೆಗೆ ಹಾಕಿದ ಸರೋಜಮ್ಮನಾ’ ಅಂತಾರೆ. ಬೋರ್ಡು ಹಾಕಿದ ಮೇಲೂ ಹಾಗೇ ಅಂದ್ರೆ ಯಾರು ಬರ್ತಾರೆ? ಬರ್ಕೊಳ್ಳಿ. ನಾಲ್ಕು, ತಿಮ್ಮೇಗೌಡ್ರಿಗೆ ಹೋಗಿ ಹೇಳಬೇಕು.”

ಅದನ್ನೂ ಮಿಕ್ಕ ಮೂರರ ಕೆಳಗೆ, ಅದೇ ಅಕ್ಷರದಲ್ಲಿ ಬರೆದುಕೊಂಡೆ. ಮೂರು ಕೆಲಸಕ್ಕೆ, ಅವರಿಗೆ ಎಲ್ಲ ಕಲಿಸಿಕೊಟ್ಟದ್ದೂ ಸೇರಿ, ಎರಡು ದಿನ ಸಾಕಾಯಿತು. ನಾಲ್ಕನೆಯದಕ್ಕೆ ಚರ್ಚಾಕೂಟದಲ್ಲಿ ಯಾರನ್ನೂ ಕೇಳುವಂತಿರಲಿಲ್ಲ.

ಇವತ್ತು ಬೆಳಿಗ್ಗೆ ದಿನಸಿಗೆಂದು ಹೊರಟವನು ಗಂಡಸಿಯ ಬಸ್ಸು ಹತ್ತಿದೆ. ತಿಮ್ಮೇಗೌಡರು ಕಣದಲ್ಲಿ ಕಾಯಿ ಸುಲಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಪೂರ್ತಿ ಕೇಳಿದವರು ಬೇಲಿಯಾಚೆಗೆ ಕೂಗಿದರು.

“ಅಣ್ಣೋ! ಬಾ ಇಲ್ಲಿ! ನಿನ್ನ ಕೊನೆಗೆ ಹಾಕಿದವ್ರು ಬಂದವ್ರೆ!”

ಹುಚ್ಚೇಗೌಡರು ಪಂಚೆ ಕಟ್ಟಿಕೊಳ್ಳುತ್ತ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಹೆಸರನ್ನು ಕೆಳಕ್ಕೆ ತಳ್ಳಿದವನು ಮೊಣಕಾಲು ನೋವಿನ ಮುದುಕನೆಂದು ಕಂಡು ಸ್ವಲ್ಪ ನಿರಾಸೆಯಾದಂತಿತ್ತು.

“ನೀವಾ? ನಾಲ್ಕು ವರ್ಷದಿಂದ ಆ ಹೆಣ್ಮಗಳನ್ನ ಬೈಕೊಂಡು ಬಂದಿವ್ನಲ್ಲ ನಾನು.”

“ನಾನೇ.”

“ಮೊದ್ಲೇ ಹೇಳಕೇನಾಗಿತ್ತು?”

ಅವರು ಕಾಲ ಬಳಿ ಉರುಳಿದ್ದ ಕಾಯೊಂದನ್ನು ಎತ್ತಿ ರಾಶಿಗೆ ಎಸೆದರು. “ಮೊಮ್ಮಗೀಗೆ ಹೆಸರಿಡೋದೈತೆ. ಕಾರ್ಡು ಹೊಡಿಸ್ಬೇಕು. ಆಯಮ್ಮ ಈಗ ಎಲ್ಲವ್ಳೆ?”

“ಹಳೇಬೀಡಲ್ಲಿ. ಬಸ್ ಸ್ಟ್ಯಾಂಡಿನ ಎದುರು ಗಲ್ಲಿ.”

“ಅಲ್ಲಿ ಕಂಪ್ಯೂಟ್ರು ಯಾರು ನೋಡ್ಕತಾರೆ? ನೀವಾ?”

“ಇಲ್ಲ,” ಎಂದೆ. “ಅವರೇ.”