ನಿಕಾನೋರಕ್ಕ ಬಾಯಿಬಿಟ್ಟ ಒಂದೇ ತೂಕ

ರಸ್ತೆಯೇ ಇಲ್ಲದ ಸಾನ್ ಎಲಾದಿಯೋ ಊರಿನಲ್ಲಿ ಯಾರ ಮೈ ಎಷ್ಟು ತೂಗುತ್ತದೆಂಬ ಗುಟ್ಟು ಗೊತ್ತಿದ್ದವಳು ನಿಕಾನೋರಕ್ಕ ಒಬ್ಬಳೇ. ಹುಲ್ಲಿನ ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ, ಗುರುವಾರದ ಸರ್ಕಾರಿ ವಿಮಾನ ಹತ್ತುವವರನ್ನೆಲ್ಲ ಅಕ್ಕಿಮೂಟೆಯ ತಕ್ಕಡಿಯ ಮೇಲೆ ನಿಲ್ಲಿಸಿ ಇಪ್ಪತ್ತೇಳು ವರ್ಷ ತೂಗಿದ್ದಳು. ಪಾದ್ರಿಯ ತೂಕವನ್ನೂ ಬಾಯಿಬಿಟ್ಟವಳಲ್ಲ. ನೆಲ ಒದ್ದೆಯಾದರೆ ವಿಮಾನ ಹೆಚ್ಚು ಭಾರ ಹೊರುವಂತಿಲ್ಲ. ಆಗ ಮೊದಲ ಜಾಗ ರೋಗಿಗಳಿಗೆ; ಉಳಿದವರಲ್ಲಿ ಕೊನೆಗೆ ಬಂದವನು ಇಳಿಯಬೇಕು. ಅದು ಊರಿನ ರೂಢಿ.

ಸರ್ಕಾರ ವಿಮಾನ ಕಂಪನಿಯನ್ನೇ ಮಾರಲು ಹೊರಟಿತು. ಕೊಳ್ಳಲು ನಿಂತವನು ದೋನ್ ಫಾಬ್ರಿಸಿಯೋ. ನದಿಯ ದೋಣಿಗಳನ್ನೆಲ್ಲ ಆಗಲೇ ನುಂಗಿ ನೀರು ಕುಡಿದು, ಈ ಊರಿಗೆ ಹದಿನೈದು ದಿನಕ್ಕೊಂದು ದೋಣಿ ಉಳಿಸಿದ್ದ ಪುಣ್ಯಾತ್ಮ. ವಿಮಾನವೂ ಅವನ ಪಾಲಾದರೆ ಗುರುವಾರದ ಗತಿಯೇನು? ನಿಕಾನೋರಕ್ಕನಿಗೆ ನಿಜಕ್ಕೂ ಭಯವಾಗಿತ್ತು. ಅವಳ ಗಂಡ ಸತ್ತದ್ದು ವಿಮಾನ ಬಾರದ ಒಂದು ವಾರದಲ್ಲಿ.

ಒಂದು ಗುರುವಾರದ ವಿಮಾನದಲ್ಲಿ ಊರಿನವರ ಅಹವಾಲು ಕೇಳಲು ರಾಜಧಾನಿಯಿಂದ ಅಧಿಕಾರಿ ಮಟಿಲ್ಡೆ ಬಂದಳು, ಜೊತೆಗೆ ಫಾಬ್ರಿಸಿಯೋ.

"ನನ್ನ ಕೈಗೆ ಬಂದ್ರೆ ಎಲ್ಲಾ ಸುಧಾರಿಸುತ್ತೆ ಅಕ್ಕಾ," ಎಂದ ಅವನು.

"ಸುಧಾರಿಸ್ದಿದ್ರೆ ಯಾರ ಹತ್ರ ಹೋಗೋಣ, ದಣಿ?"

"ನನ್ನ ಹತ್ರಾನೇ ಬನ್ನಿ!" ಎಂದು ನಕ್ಕ.

ಸಭೆ ಮುಗಿಯುವಷ್ಟರಲ್ಲಿ ಮಳೆ ಸುರಿದು ರನ್‌ವೇ ಕೆಸರಾಯಿತು. ಅದೇ ಹೊತ್ತಿಗೆ ಬಸುರಿ ಡೆಲ್ಫಿನಾಳನ್ನು ನೋವು ತಿನ್ನುತ್ತಿರುವಾಗಲೇ ಹೊತ್ತು ತಂದರು. ಒಬ್ಬರು ಉಳಿಯಲೇಬೇಕಾಯಿತು. ಹುರಿದ ಮೀನು ಮುಗಿಸಿ ಕೊನೆಗೆ ತಕ್ಕಡಿ ಹತ್ತಿದವನು ಫಾಬ್ರಿಸಿಯೋ.

"ಇಳೀರಿ ದಣಿ."

"ನಾನ್ಯಾರು ಗೊತ್ತಾ?"

"ಗೊತ್ತು. ನೂರಾ ನಾಲ್ಕು ಕಿಲೋ."

ಊರೆಲ್ಲ ಬಿದ್ದು ಬಿದ್ದು ನಕ್ಕಿತು.

"ದೋಣೀಲಿ ಹೋಗ್ತೀನಿ ಬಿಡು!"

"ನಿಮ್ಮ ದೋಣಿ ನಿನ್ನೆ ಹೋಯ್ತು. ಇನ್ನು ಹದಿನಾಲ್ಕು ದಿನ."

ವಿಮಾನದ ಮೆಟ್ಟಿಲ ಮೇಲೆ ನಿಂತಿದ್ದ ಮಟಿಲ್ಡೆ ಇದನ್ನೆಲ್ಲ ಕೇಳಿಸಿಕೊಂಡಳು.

ಫಾಬ್ರಿಸಿಯೋ ನಿಕಾನೋರಕ್ಕನ ಮನೆಯಲ್ಲೇ ಉಳಿದ. ಅವಳು ಕುಟ್ಟಿಕೊಟ್ಟ ಬಾಳೆಕಾಯಿಯನ್ನು ಒಣಮಾಂಸದ ಜೊತೆ ತಿಂದ. ಮೂರನೆಯ ದಿನ ಮೆತ್ತಗೆ ಕೇಳಿದ, "ಅಕ್ಕಾ, ಮುಂದಿನ ವಿಮಾನ ಯಾವಾಗ?"

"ಸದ್ಯಕ್ಕೆ ಗುರುವಾರ. ನೀವು ಕೊಂಡ್ಮೇಲೆ ನಿಮ್ಮನ್ನೇ ಕೇಳ್ಬೇಕು."



ಗುರುವಾರ ಡೆಲ್ಫಿನಾ ಹೆಣ್ಣುಮಗುವಿನೊಂದಿಗೆ ಇಳಿದಳು. ಅವಳ ಕೈಯಲ್ಲೇ ಮಟಿಲ್ಡೆಯ ಪತ್ರ ಬಂದಿತ್ತು. ಮಾರಾಟದ ಕರಾರಿಗೆ ಎರಡು ಮಾತು ಸೇರಿದ್ದವು: ದೋಣಿ ಇರುವವನಿಗೆ ವಿಮಾನವಿಲ್ಲ; ಯಾರೇ ಕೊಳ್ಳಲಿ, ಗುರುವಾರದ ವಿಮಾನ ನಿಲ್ಲಿಸುವಂತಿಲ್ಲ. ನಿಕಾನೋರಕ್ಕ ಅದನ್ನು ಎರಡು ಸಲ ಓದಿಸಿ ಕೇಳಿ, ಕಣ್ಣೊರೆಸಿಕೊಂಡಳು.

ಫಾಬ್ರಿಸಿಯೋ ಆ ದಿನ ಎಲ್ಲರಿಗಿಂತ ಮೊದಲೇ ಬಂದು ಸಾಲಿನಲ್ಲಿ ನಿಂತಿದ್ದ. ತಕ್ಕಡಿ ಕಂಡು ಹಿಂಜರಿದ.

"ಹತ್ತಿ ದಣಿ," ಎಂದಳು ಅವಳು. "ಇವತ್ತು ಯಾರಿಗೂ ಹೇಳಲ್ಲ."