ನಡೆಯದ ಉದ್ಘಾಟನೆ

ನಮ್ಮ ಪತ್ರಿಕೆಯ ಕಾಸರಗೋಡು ಪುಟ ಸಂಜೆ ಆರಕ್ಕೆ ಮುಗಿಯಬೇಕು. ಊರಿನ ಕಾರ್ಯಕ್ರಮಗಳು ನಾಲ್ಕಕ್ಕೆಂದು ಹೇಳಿ ಐದೂವರೆಗೆ ಶುರುವಾಗುತ್ತವೆ. ಹಾಗಾಗಿ ಸಂಘಟಕರು ಮಧ್ಯಾಹ್ನವೇ ಪ್ರಕಟಣೆ ಕಳುಹಿಸುತ್ತಾರೆ, ಎಲ್ಲ ಮುಗಿದಂತೆ: ದೀಪ ಬೆಳಗಿಸಿದರು, ಶುಭ ಹಾರೈಸಿದರು, ವಂದಿಸಿದರು. ನಾವು ಹಾಗೆಯೇ ಹಾಕುತ್ತೇವೆ. ಇದನ್ನು ಸುಳ್ಳು ಎಂದು ಕರೆದವರನ್ನು ನಾನು ಕಂಡಿರಲಿಲ್ಲ. ನಾನೂ ಕರೆದಿರಲಿಲ್ಲ.

ಕುಂಬ್ಡಾಜೆ ಕಡೆಯ ಓದುಕೇಂದ್ರದ ಸುದ್ದಿಯನ್ನೂ ಹಾಗೆಯೇ ಬರೆದೆ. ಕನ್ನಡ ಮಾಧ್ಯಮದಲ್ಲಿದ್ದೂ ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪಾಠ ಹೇಳುವ ಯೋಜನೆ ಅದು. ಹಣ ಸರ್ಕಾರದ್ದು, ಅಂದರೆ ಬೆಂಕಿಪೆಟ್ಟಿಗೆ ಕೊಳ್ಳುವವರೂ ಸೇರಿ ಎಲ್ಲರ ತೆರಿಗೆಯದ್ದು. ನಡೆಸುವುದು ಲಾಭದ ಉದ್ದೇಶವಿಲ್ಲದ ಒಂದು ಶಿಕ್ಷಣ ಸಂಸ್ಥೆ. ವಾಚನಾಲಯದ ಜಗಲಿಯಲ್ಲಿ ಕೇಂದ್ರ ಉದ್ಘಾಟನೆಯಾಯಿತು, ಮಕ್ಕಳಿಗೆ ಪುಸ್ತಕ ಮತ್ತು ತಿಂಡಿ ವಿತರಿಸಲಾಯಿತು ಎಂದು ಹನ್ನೊಂದು ಸಾಲು. ಆ ದಿನ ಅತಿಥಿ ಬರಲಿಲ್ಲ, ಕಾರ್ಯಕ್ರಮ ನಡೆಯಲಿಲ್ಲ. ನನಗೆ ಅದು ತಿಳಿದದ್ದು ಮೂರು ತಿಂಗಳ ಮೇಲೆ, ಫೋನಿನಲ್ಲಿ.

"ಆ ನ್ಯೂಸ್ ಬರೆದದ್ದು ನೀವಾ ಸರ್? ಒಮ್ಮೆ ಬನ್ನಿ. ನೀವು ಬರೆದದ್ದರಲ್ಲಿ ಎಂತೆಲ್ಲ ಉಂಟು ಅಂತ ನೋಡ್ಲಿಕ್ಕಾದ್ರೂ ಬನ್ನಿ."

ಮಾತಾಡಿದವರು ಆ ಕೇಂದ್ರದ ಶಿಕ್ಷಕಿ. ಬಾಯಾರಿನ ಕೊಂಕಣಿ ಮನೆಯ ಮಗಳು, ಮದುವೆಯಾಗಿ ಈ ಕಡೆ ಬಂದವರು. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಕೆಲಸ ಬಿಟ್ಟು ಈ ಸಂಸ್ಥೆಗೆ ಸೇರಿದ್ದರು. ಉದ್ಘಾಟನೆ ನಿಂತುಹೋದ ಮರುದಿನವೇ, ಮಕ್ಕಳು ಬಂದುಬಿಟ್ಟಿದ್ದಾರೆಂದು, ಯಾರನ್ನೂ ಕೇಳದೆ ಪಾಠ ಶುರುಮಾಡಿದ್ದರು.

ನಾನು ಹೋದಾಗ ಜಗಲಿಯಲ್ಲಿ ಒಂಬತ್ತು ಮಕ್ಕಳು ಕೂತಿದ್ದರು. ಗೋಡೆಗೆ ನನ್ನ ಸುದ್ದಿಯ ತುಣುಕನ್ನು ಅಂಟಿಸಲಾಗಿತ್ತು. ಪುಸ್ತಕ ಬಾರದ ಕಾರಣ ಹಳೆಯ ಪತ್ರಿಕೆಗಳೇ ಪಾಠ. ಒತ್ತಕ್ಷರ ಹೆಚ್ಚಿರುವುದರಿಂದ ನನ್ನ ಸುದ್ದಿ ಅಭ್ಯಾಸಕ್ಕೆ ಒಳ್ಳೆಯದೆಂದು ಅವರು ನಗದೆ ಹೇಳಿದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ಬೆರಳಿಟ್ಟು ಓದಿದಳು. "ಉದ್ಘಾಟನೆ"ಯನ್ನು ಎರಡು ಸಲ ಮುರಿದು ಜೋಡಿಸಿ, "ಮಕ್ಕಳಿಗೆ ಪುಸ್ತಕ ಮತ್ತು ತಿಂಡಿ" ಎಂಬಲ್ಲಿ ನಿಂತಳು.

"ಇದು ಯಾವಾಗ ಕೊಟ್ಟದ್ದು ಟೀಚರ್? ನಾನು ಬಂದಿರ್ಲಿಲ್ವಾ ಆ ದಿನ?"

"ನೀನು ಬಂದಿದ್ದಿ. ಮುಂದೆ ಓದು."

ಮಕ್ಕಳು ಹೋದ ಮೇಲೆ ಶಿಕ್ಷಕಿ ವಿಷಯ ಹೇಳಿದರು. ಮೂರು ತಿಂಗಳಿಂದ ಗೌರವಧನ ಬಂದಿಲ್ಲ. ಹಳೆಯ ಶಾಲೆಯವರು ತಿಂಗಳ ಕೊನೆಯೊಳಗೆ ಬರುವುದಾದರೆ ಬನ್ನಿ ಎಂದಿದ್ದಾರೆ. ಪುಸ್ತಕವೂ ಗೌರವಧನವೂ ಬಂದರೆ ಇಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಆಗದು. ಸರ್ಕಾರಿ ಕಚೇರಿಗೆ ದೂರು ಕೊಡಲು ಹೋದಾಗ ಅಧಿಕಾರಿ ಫೈಲು ತೆಗೆದು ಇದೇ ತುಣುಕು ತೋರಿಸಿದರಂತೆ.

"'ಪುಸ್ತಕ ಕೊಟ್ಟಾಯ್ತು ಅಂತ ಪೇಪರಿನಲ್ಲಿ ಬಂದಿದೆಯಲ್ಲ ಟೀಚರೇ, ಮತ್ತೆ ಎಂತ ದೂರು, ಎಂತ ಪರಾತಿ?' ಅಂತ ಕೇಳಿದ್ರು. ಪರಾತಿ ಅಂತೆ! ಒಂದು ಪುಸ್ತಕ ಬರ್ಲಿಲ್ಲ ಅಂತ ಹೇಳಿದ್ರೆ ಅದು ನನ್ನ ದೂರು, ಬಂತು ಅಂತ ನೀವು ಬರೆದ್ರೆ ಅದು ದಾಖಲೆ."

ಸಂಸ್ಥೆಯ ಕಚೇರಿ ನಾಯ್ಮಾರ್ಮೂಲೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಕಾರ್ಯದರ್ಶಿ ಸಜ್ಜನಿಕೆಯಿಂದ ಚಹಾ ತರಿಸಿದರು.

"ಅತಿಥಿಗಳ ಡೇಟ್ ಸಿಕ್ಲಿಲ್ಲ ಮಾರಾಯ್ರೆ. ನಾವೆಂತ ಮಾಡುದು?"

"ನಡೆದಿಲ್ಲ ಅಂತ ನಮಗೆ ಒಂದು ಫೋನ್ ಮಾಡಬಹುದಿತ್ತಲ್ಲ?"

"ನೀವು ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ?" ಅವರು ನಕ್ಕರು. "ಸರ್ಕಾರದ ಎರಡನೇ ಕಂತು ಬರ್ಲಿ, ಟೀಚರಿಗೂ ಕೊಡುವ, ಪುಸ್ತಕವೂ ತರುವ. ಆದ್ರೆ ಒಂದು ಹೇಳ್ತೇನೆ, ದೀಪ ಹಚ್ಚುವ ಮೊದಲೇ ಪಾಠ ಶುರು ಮಾಡ್ಲಿಕ್ಕೆ ಅವರಿಗೆ ಹೇಳಿದ್ದು ಯಾರು?"

ಮೊದಲ ಕಂತು ಎಲ್ಲಿ ಹೋಯಿತೆಂದು ಕೇಳಿದೆ. ಲೆಕ್ಕವನ್ನು ಸರ್ಕಾರಿ ಕಚೇರಿಗೆ ಕೊಟ್ಟಾಗಿದೆ ಎಂದರು. ಅದರಾಚೆ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಲ್ಲಿಯೂ ಬರೆಯುವುದಿಲ್ಲ.

ಮೊದಲು ನನ್ನ ತಪ್ಪು ಸರಿಪಡಿಸಬೇಕಿತ್ತು. ತಿದ್ದುಪಡಿಯಲ್ಲಿ ತಪ್ಪಾದದ್ದನ್ನಷ್ಟೇ ತಿದ್ದಬೇಕು, ಹೊಸ ಸಂಗತಿ ಸೇರಿಸಬಾರದು. ಕಿರಿಯ ವರದಿಗಾರರಿಗೆ ನಾನೇ ಹೇಳಿಕೊಟ್ಟ ನಿಯಮ ಅದು. ಆ ನಿಯಮದಂತೆ ಬರೆದೆ: ಸದರಿ ಓದುಕೇಂದ್ರ ಉದ್ಘಾಟನೆಯಾಗಿಲ್ಲ, ಪುಸ್ತಕ, ತಿಂಡಿ ವಿತರಿಸಿಲ್ಲ, ತಪ್ಪಿಗೆ ವಿಷಾದಿಸುತ್ತೇವೆ. ಒಂದಕ್ಷರವೂ ಸುಳ್ಳಿರಲಿಲ್ಲ. ಶಿಕ್ಷಕಿ ಮೂರು ತಿಂಗಳಿಂದ ಪಾಠ ಮಾಡುತ್ತಿದ್ದಾರೆ ಎಂಬುದು ಅದರಲ್ಲಿರಲಿಲ್ಲ. ಅದನ್ನು ಬೇರೆ ವರದಿಯಾಗಿ, ಎಲ್ಲರ ಪ್ರತಿಕ್ರಿಯೆ ಪಡೆದು, ವಿವರವಾಗಿ ಬರೆಯುವುದೆಂದು ಇಟ್ಟುಕೊಂಡಿದ್ದೆ.

ಪ್ರತಿಕ್ರಿಯೆಗಳು ಬರಲು ಎರಡು ವಾರ ಹಿಡಿಯಿತು. ಸರ್ಕಾರಿ ಕಚೇರಿಗೆ ತಿದ್ದುಪಡಿಯ ತುಣುಕು ತಲುಪಲು ಒಂದು ದಿನ ಸಾಕಾಗಿತ್ತು. ಆರಂಭವೇ ಆಗದ ಕೇಂದ್ರವೆಂದು ಅದನ್ನು ಪಟ್ಟಿಯಿಂದ ತೆಗೆದರು. ಸಂಸ್ಥೆಗೆ ಬೇರೆ ಕೇಂದ್ರಗಳಿದ್ದವು. ಅವುಗಳ ಹಣ ನಿಂತಂತೆ ಕಾಣಲಿಲ್ಲ. ಆರಂಭವಾಗದ ಕೇಂದ್ರದಲ್ಲಿ ಪಾಠ ಮಾಡಿದವರಿಗೆ ಗೌರವಧನದ ಪ್ರಶ್ನೆ ಬರುವುದಿಲ್ಲ ಎಂದು ಶಿಕ್ಷಕಿಗೆ ಲಿಖಿತ ಉತ್ತರ ಬಂತು.

ಮತ್ತೆ ಹೋದೆ. ಅವರು ಬೈಯಲಿಲ್ಲ. ಹಾಜರಿ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ದಿನಾಂಕ, ಮಕ್ಕಳ ಹೆಸರು, ಬಂದವರಿಗೆ ಗೆರೆ, ಬಾರದವರಿಗೆ ಸೊನ್ನೆ. ಶನಿವಾರಗಳೂ ಇದ್ದವು.

"ನೀವು ತಪ್ಪು ಬರೆದಾಗ ನಾನು ಇದ್ದೆ ಸರ್. ಸರಿ ಮಾಡಿದ ಮೇಲೆ ಇಲ್ಲ. ಹೋಗ್ಲಿ. ಪಾಠ ಆಗ್ತಾ ಇದ್ದದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ. ಇದರಲ್ಲಿ ಒಂದು ಸಹಿ ಹಾಕಿ."

ವರದಿಗಾರ ಯಾರ ಪರವಾಗಿಯೂ ಸಾಕ್ಷಿ ಸಹಿ ಹಾಕಬಾರದೆಂಬುದು ಇನ್ನೊಂದು ನಿಯಮ. ಹಾಕಿದೆ. ಕಂಡದ್ದನ್ನು, ಕಂಡ ದಿನವನ್ನು ಬರೆದು ಕೆಳಗೆ ಹೆಸರು ಬರೆದೆ. ಪುಸ್ತಕವನ್ನು ಇಬ್ಬರೂ ಕಚೇರಿಗೆ ಒಯ್ದೆವು.

ಅಧಿಕಾರಿ ನನ್ನ ಸಹಿಯನ್ನು ನೋಡಿದರು, ನನ್ನನ್ನು ನೋಡಿದರು.

"ಸಹಿ ಯಾರು ಬೇಕಾದ್ರೂ ಹಾಕಬಹುದು ಸಾರ್. ನಮಗೆ ಫೈಲಿಗೆ ಆಗುವಂಥದ್ದು ಬೇಕು. ಪೇಪರಿನಲ್ಲಿ ಬಂದದ್ದು ಏನಾದ್ರೂ ಉಂಟಾ?"

ನನ್ನ ವಿವರವಾದ ವರದಿ ಪ್ರಕಟವಾದದ್ದು ಅದಾದ ಒಂಬತ್ತು ದಿನಕ್ಕೆ, ಜಾಹೀರಾತಿನ ಪಕ್ಕ ಅರ್ಧಕ್ಕೆ ಕತ್ತರಿಸಿ. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ಶಿಕ್ಷಕಿ ಹಳೆಯ ಶಾಲೆಗೆ ಮರಳಿದ್ದರು. ತುಣುಕನ್ನು ಅಂಚೆಯಲ್ಲಿ ಕಳುಹಿಸಿದೆ. ತಲುಪಿತೆಂದು ಒಂದು ಸಾಲಿನ ಸಂದೇಶ ಬಂತು: ಓದ್ಲಿಕ್ಕೆ ಮಕ್ಕಳು ಯಾರೂ ಇಲ್ಲ ಸರ್.